ತಾಯಂದಿರ ಮೂಳೆ

ಕಳೆದ ಮಳೆಗಾಲದಲ್ಲಿ ಐವತ್ತೆಂಟರ ನಮ್ಮ ತಾಯಿಯವರು ಬಚ್ಚಲಲ್ಲಿ ಜಾರಿ ಕೈಯೂರಿದರು, ಮಣಿಕಟ್ಟು ಮುರಿಯಿತು. ವಯಸ್ಸಾಯಿತಲ್ಲ ಎಂದು ನಾವು ಸುಮ್ಮನಾದೆವು. ಡಾಕ್ಟರರು ಸುಮ್ಮನಾಗಲಿಲ್ಲ. ಇಷ್ಟು ಸಣ್ಣ ಪೆಟ್ಟಿಗೆ ಮೂಳೆ ಮುರಿದರೆ ಅದು ಮೊದಲ ನೋಟೀಸು. ಅಲಕ್ಷಿಸಿದರೆ ಮುಂದಿನದು ಸೊಂಟದ್ದಾಗಬಹುದು ಎಂದರು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯನ್ನೂ ಮಾಡಿಸಿದರು.

ಮುಟ್ಟು ನಿಲ್ಲುವ ಕಾಲಕ್ಕೆ ಈಸ್ಟ್ರೋಜನ್ ಹಾರ್ಮೋನು ಇಳಿಯುತ್ತದೆ. ಮೂಳೆಯ ಸವೆತಕ್ಕೆ ಅದುವರೆಗೆ ತಡೆಯಾಗಿದ್ದುದು ಅದೇ. ಮೊದಲ ಕೆಲವು ವರ್ಷಗಳಲ್ಲೇ ನಷ್ಟ ಹೆಚ್ಚು. ನೋವಿಲ್ಲದ್ದರಿಂದ ತಿಳಿಯುವುದೂ ಇಲ್ಲ.

ಆಗ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಉಂಟು, ಅಕ್ಕಿಯಲ್ಲಿ 10ರ ಆಸುಪಾಸು. ಊರು ಬಿಟ್ಟಾಗ ನಮ್ಮಲ್ಲಿ ಹಲವರು ರಾಗಿಯನ್ನೂ ಬಿಟ್ಟೆವು. ಮುಂಬಯಿ, ಪುಣೆಗಳಲ್ಲಿ ನಾಚಣಿ, ಚೆನ್ನೈಯಲ್ಲಿ ಕೇಳ್ವರಗು, ದಿಲ್ಲಿಯಲ್ಲಿ ಮಡುವಾ ಎಂದು ಕೇಳಿರಿ, ಸಿಗುತ್ತದೆ. ಜೊತೆಗೆ ಹಾಲು, ಮಜ್ಜಿಗೆ, ಎಳ್ಳು. ಮೈಗೆ ಬಿಸಿಲು, ಕಾಲಿಗೆ ನಡಿಗೆ. ಮಾತ್ರೆಯನ್ನು ಮಾತ್ರ ಡಾಕ್ಟರರನ್ನು ಕೇಳಿಯೇ ನುಂಗಬೇಕು.

ನಮ್ಮ ಮನೆಯಲ್ಲಿ ತಾಯಿಯವರು ಎಲ್ಲರಿಗೂ ಹಾಲು ಕೊಟ್ಟು, ಉಳಿದರೆ ತಾವು ಕುಡಿಯುತ್ತಿದ್ದರು. ಅದು ಉಳಿಯುತ್ತಿರಲಿಲ್ಲವೆಂಬುದನ್ನು ನಾವಾರೂ ಗಮನಿಸಿರಲಿಲ್ಲ. ಈಗ ಮೊದಲ ಲೋಟ ಅವರದು.