ಜಯನಗರದ ಕಡಲು ಪಣಂಬೂರಿನಲ್ಲಿದೆ

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಬೆಳಗ್ಗೆ ಎದ್ದು ಹಾಲಿಗೆ ಒಲೆ ಹಚ್ಚುವವರಿಗೆ ಕಡಲು ನೆನಪಾಗುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು ಇದು. ನಲ್ಲಿಯ ನೀರು ಕಾವೇರಿಯದು, ಸೊಪ್ಪು ತರಕಾರಿ ಸುತ್ತಲ ಬಯಲುಸೀಮೆಯದು. ಮಂಗಳೂರು ಸ್ಟೋರಿಗೆ ಹೋಗಿ ಕುಚ್ಚಲಕ್ಕಿ, ಒಣಮೀನು, ಹಲಸಿನ ಹಪ್ಪಳ ತರುವಾಗ ಮಾತ್ರ ಕರಾವಳಿಯ ಗಾಳಿ ಸುಳಿಯುತ್ತದೆ. ಆದರೆ ಬನಶಂಕರಿಯಲ್ಲಿ, ಬಿಟಿಎಂನಲ್ಲಿ ಸ್ಕೂಟರಿಗೆ ತುಂಬಿಸುವ ಪೆಟ್ರೋಲು ಎಲ್ಲಿಂದ ಬಂತು ಎಂದು ಬೆನ್ನುಹತ್ತಿದರೆ ಬಹಳ ಸಲ ಹೋಗಿ ನಿಲ್ಲುವುದು ಮಂಗಳೂರಿನ ಪಣಂಬೂರಿನ ಮರಳಿನ ಮೇಲೆ.

2003ರಿಂದ ಮಂಗಳೂರಿಗೂ ಬೆಂಗಳೂರಿನ ಪೂರ್ವಕ್ಕಿರುವ ದೇವನಗೊಂದಿಗೂ ನಡುವೆ, ಹಾಸನದ ಮೂಲಕ, 362 ಕಿಲೋಮೀಟರಿನ ಕೊಳವೆ ಮಣ್ಣಿನಡಿ ಓಡುತ್ತಿದೆ. ಪೆಟ್ರೋಲು, ಡೀಸೆಲ್ ಬೆಳ್ತಂಗಡಿ ತಾಲ್ಲೂಕಿನ ನೆರಿಯದಲ್ಲಿ ಮತ್ತೊಮ್ಮೆ ಪಂಪಿನ ಬಲ ಪಡೆದು ಘಟ್ಟ ಹತ್ತುತ್ತವೆ. ಅಡುಗೆ ಅನಿಲಕ್ಕೂ ಈಗ ಕೊಳವೆಯಿದೆ, ಮೈಸೂರು ದಾರಿಯಾಗಿ ಮಾಗಡಿ ಕಡೆಯ ಸೋಲೂರಿಗೆ. ಅದಕ್ಕೆ ಮೊದಲು ಅನಿಲ ಬುಲೆಟ್ ಟ್ಯಾಂಕರುಗಳಲ್ಲಿ ಶಿರಾಡಿ ಘಾಟಿ ಏರುತ್ತಿತ್ತು. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಅಂಥದೊಂದು ಟ್ಯಾಂಕರ್ ಉರುಳಿ, ಅನಿಲ ಹೊತ್ತಿಕೊಂಡು, ರಸ್ತೆ ಬದಿಯ ಮನೆಗಳಲ್ಲಿದ್ದವರೂ ಪ್ರಾಣ ಬಿಟ್ಟರು. ಘಟ್ಟದ ಮೇಲಿನ ಒಲೆಗಾಗಿ ಘಟ್ಟದ ಕೆಳಗೆ ಸುಟ್ಟ ಆ ಬೆಳಗನ್ನು ಬೆಂಗಳೂರು ಬೇಗ ಮರೆಯಿತು.

ಕೂಳೂರು ಸೇತುವೆಯಿಂದ ಸುರತ್ಕಲ್‌ಗೆ ಹತ್ತು ಕಿಲೋಮೀಟರೂ ಇಲ್ಲ. ಒಂದು ಬದಿ ಕಡಲು, ಒಂದು ಬದಿ ಮುರಕಲ್ಲಿನ ಗುಡ್ಡ, ನಡುವೆ ಹೆದ್ದಾರಿ. ಇಷ್ಟು ಕಿರಿದಾದ ಪಟ್ಟಿಯಲ್ಲಿ ಬಂದರು, ಗೊಬ್ಬರದ ಕಾರ್ಖಾನೆ, ಬೈಕಂಪಾಡಿ ಕೈಗಾರಿಕಾ ಪ್ರದೇಶ, ಒಂದು ಎಂಜಿನಿಯರಿಂಗ್ ಕಾಲೇಜು. ಗುಡ್ಡದಾಚೆ ಕುತ್ತೆತ್ತೂರಿನಲ್ಲಿ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕ. ಈ ಉದ್ಯಮಗಳೆಲ್ಲ ಇಲ್ಲೇ ಬಂದು ಸೇರಿದ್ದಕ್ಕೆ ಭೂಗೋಳದ ಕಾರಣವಿದೆ. ಮಂಗಳೂರಿನ ಹಳೆಯ ಬಂದರು ನೇತ್ರಾವತಿ, ಫಲ್ಗುಣಿ ಕೂಡುವ ಅಳಿವೆಯೊಳಗಿತ್ತು. ಎರಡು ನದಿ ಹೊತ್ತು ತರುವ ಮರಳು ಅಳಿವೆಯ ಬಾಯಿಗೇ ದಿಬ್ಬ ಕಟ್ಟುತ್ತಿತ್ತು. ಮಂಜಿ ದೋಣಿಗಳು ನುಸುಳಬಹುದಿತ್ತು, ದೊಡ್ಡ ಹಡಗು ಹೊರಗೇ ನಿಲ್ಲಬೇಕಿತ್ತು. ಹಾಗಾಗಿ ಅಳಿವೆಯ ಉತ್ತರಕ್ಕೆ, ಪಣಂಬೂರಿನಲ್ಲಿ, ನೆಲವನ್ನೇ ತೋಡಿ ಕಡಲನ್ನು ಒಳಗೆ ಕರೆದರು. ಸಂಸದ ಯು. ಶ್ರೀನಿವಾಸ ಮಲ್ಯರು ದಿಲ್ಲಿಯಲ್ಲಿ ಬೆನ್ನುಬಿಡದೆ ಹಿಡಿದ ಕೆಲಸ ಅದು. 1965ರಲ್ಲಿ ತೀರಿಕೊಂಡ ಅವರು ಹಡಗು ಒಳಬಂದದ್ದನ್ನು ನೋಡಲಿಲ್ಲ. 1975ರ ಜನವರಿ 11ರಂದು ಇಂದಿರಾ ಗಾಂಧಿ ನವ ಮಂಗಳೂರು ಬಂದರನ್ನು ಉದ್ಘಾಟಿಸಿದರು.

ಬಂದರು ಬಂದದ್ದೇ ಉಳಿದ ಉದ್ಯಮಗಳು ಒಂದರ ಹಿಂದೊಂದು ಬಂದವು. ಕುದುರೆಮುಖದ ಅದಿರು ಕೆಸರಾಗಿ 67 ಕಿಲೋಮೀಟರ್ ಕೊಳವೆಯಲ್ಲಿ ಇಲ್ಲಿಗೆ ಇಳಿಯಿತು. ಅದನ್ನು ಕೊಳ್ಳಬೇಕಿದ್ದ ಇರಾನಿನಲ್ಲಿ 1979ರಲ್ಲಿ ಕ್ರಾಂತಿಯಾಗಿ ಗಿರಾಕಿಯೇ ಕೈತಪ್ಪಿತು. 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ ಗಣಿಯೂ ನಿಂತಿತು. ಎಂಆರ್‌ಪಿಎಲ್ 1996ರಲ್ಲಿ ವರ್ಷಕ್ಕೆ 30 ಲಕ್ಷ ಟನ್ ಸಾಮರ್ಥ್ಯದಿಂದ ಶುರುವಾಗಿ ಇಂದು 1.5 ಕೋಟಿ ಟನ್ನಿಗೆ ಬೆಳೆದಿದೆ. ದೇಶದ ಆಪತ್ಕಾಲಕ್ಕೆಂದು ಬಂಡೆ ಕೊರೆದು ಮಾಡಿದ ಗುಹೆಗಳಲ್ಲಿ 15 ಲಕ್ಷ ಟನ್ ಕಚ್ಚಾ ತೈಲ ಹಿಡಿಸುವ ಸಂಗ್ರಹಾಗಾರವೂ ಮಂಗಳೂರಿನಲ್ಲೇ ಇದೆ.

ಬಂದರಿಗೆ ಜಾಗ ಬಿಟ್ಟವರು ಏನಾದರು? ಪಣಂಬೂರಿನಿಂದ ಎಬ್ಬಿಸಿದ ಕುಟುಂಬಗಳಿಗೆ ಕಾಟಿಪಳ್ಳ, ಕೃಷ್ಣಾಪುರದ ಗುಡ್ಡದ ಮೇಲೆ ನಿವೇಶನ ಕೊಟ್ಟರು. ಆ ಬಡಾವಣೆಗಳಿಗೂ ಬ್ಲಾಕಿನ ಲೆಕ್ಕವೇ: ಕಾಟಿಪಳ್ಳ ಮೂರನೇ ಬ್ಲಾಕ್, ಕೃಷ್ಣಾಪುರ ಏಳನೇ ಬ್ಲಾಕ್. 1948ರ ಆಗಸ್ಟ್ 20ರಂದು ರಾಜಗೋಪಾಲಾಚಾರಿಯವರು ಅಡಿಗಲ್ಲಿಟ್ಟ ಜಯನಗರವೂ ಬ್ಲಾಕಿನ ಊರೇ. ಅದೂ ಹಳ್ಳಿಗಳನ್ನು ನುಂಗಿಯೇ ಬೆಳೆಯಿತು. ಪಕ್ಕದ ಬಿಟಿಎಂ ಎಂಬ ಮೂರಕ್ಷರದಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಅಡಗಿವೆ. ಆದರೆ ಜಯನಗರದ ನೆಲಕ್ಕೆ ಬಂದ ಬೆಲೆಯೇ ಬೇರೆ, ಕಾಟಿಪಳ್ಳದ ನೆಲದ ಪಾಡೇ ಬೇರೆ. ಗದ್ದೆ, ತೆಂಗು, ಮೀನಿನ ಬಲೆ ಬಿಟ್ಟು ಗುಡ್ಡ ಹತ್ತಿದವರ ಮಕ್ಕಳಿಗೆ ಕೆಳಗಿನ ಕಾರ್ಖಾನೆಗಳಲ್ಲಿ ಖಾಯಂ ಕೆಲಸ ಎಷ್ಟು, ಗುತ್ತಿಗೆ ಕೆಲಸ ಎಷ್ಟು ಎಂಬ ಪ್ರಶ್ನೆ ಆ ಭಾಗದ ಪ್ರತಿ ಚುನಾವಣೆಯಲ್ಲೂ ಏಳುತ್ತದೆ. ಪಕ್ಕದ ಜೋಕಟ್ಟೆಯವರು ಎಂಆರ್‌ಪಿಎಲ್‌ನ ಕೋಕ್ ಘಟಕದ ಕರಿಧೂಳಿನ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. ತೋಕೂರು ಹಳ್ಳದ ಕೊಳಕು ಫಲ್ಗುಣಿ ಸೇರುವುದನ್ನು ಅಲ್ಲಿನವರು ಇಂದಿಗೂ ಕೈತೋರಿಸಿ ಹೇಳುತ್ತಾರೆ.

ನೀರಿನ ಸಂಗತಿ ಇನ್ನೂ ವಿಚಿತ್ರ. ಬೆಂಗಳೂರಿನ ಮೂರು ಪಟ್ಟಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ 2019ರ ಬೇಸಿಗೆಗೆ ನೇತ್ರಾವತಿ ಸೊರಗಿತು. ನಗರದಲ್ಲಿ ಸರದಿಯ ಮೇಲೆ ನೀರು ಬಿಟ್ಟರು, ಎಂಆರ್‌ಪಿಎಲ್ ಕೆಲವು ಘಟಕಗಳನ್ನೇ ನಿಲ್ಲಿಸಬೇಕಾಯಿತು. ಆಮೇಲೆ ತಣ್ಣೀರುಬಾವಿಯಲ್ಲಿ ಕಡಲ ನೀರನ್ನು ಸಿಹಿಯಾಗಿಸುವ ಸ್ಥಾವರ ಕಟ್ಟಿತು. ಕಾರ್ಖಾನೆಗೆ ದಾರಿ ಸಿಕ್ಕಿತು, ಒಳ್ಳೆಯದೇ. ಗುಡ್ಡದ ಮೇಲಿನ ಬ್ಲಾಕುಗಳ ಬಾವಿಗಳಿಗೆ ಅಂಥ ದಾರಿ ಇಲ್ಲ.

ಬೆಂಗಳೂರಿನ ಹೊರಗೂ ಉದ್ಯಮ ಬೆಳೆಯಲಿ ಎಂದು ಸರ್ಕಾರ ಹೇಳುವಾಗಲೆಲ್ಲ ಮಂಗಳೂರಿನ ಹೆಸರು ಬರುತ್ತದೆ. ಇನ್ನು ಮೇಲೆ ಬೆಳೆಯಬೇಕಾದ ಊರು ಎಂಬ ಧಾಟಿಯಲ್ಲಿ. ಅದು ಆಗಲೇ ಐವತ್ತು ವರ್ಷದಿಂದ ರಾಜಧಾನಿಯ ಭಾರ ಹೊತ್ತಿದೆ. ಬೆಂಗಳೂರಿನ ಬಂಕುಗಳಲ್ಲಿ ಮಾರುವ ಪ್ರತಿ ಲೀಟರಿನ ಮೇಲೂ ರಾಜ್ಯ ತೆರಿಗೆ ಪಡೆಯುತ್ತದೆ. ಅದರಲ್ಲಿ ಒಂದು ಚೂರನ್ನಾದರೂ ಕಾಟಿಪಳ್ಳ, ಕೃಷ್ಣಾಪುರ, ಜೋಕಟ್ಟೆಗಳ ಹೆಸರಿನಲ್ಲೇ ಬಜೆಟ್ಟಿನಲ್ಲಿ ತೆಗೆದಿಡಬೇಕು. ಮೊದಲ ವರ್ಷ ಆ ದುಡ್ಡು ಕುಡಿಯುವ ನೀರಿಗೆ ಹೋಗಲಿ, ಎರಡನೆಯ ವರ್ಷ ಸುಟ್ಟಗಾಯಕ್ಕೆ ಚಿಕಿತ್ಸೆ ಕೊಡಬಲ್ಲ ಒಂದು ಸರ್ಕಾರಿ ಆಸ್ಪತ್ರೆಗೆ.