ಮುಳ್ಳು ತೆಗೆಯುವ ಮುನ್ನ

2025ರ ಏಪ್ರಿಲ್‌ನಲ್ಲಿ ನಮ್ಮ ಸಂಘದ ಕಾರ್ಯಕಾರಿ ಸಮಿತಿ ಸೇರಿದಾಗ ಯುಗಾದಿ ಕಾರ್ಯಕ್ರಮದ ಲೆಕ್ಕಪತ್ರ ಬದಿಗೆ ಸರಿದು, ಮಾತೆಲ್ಲ ಕಂಚ ಗಚ್ಚಿಬೌಲಿಯ ಕಡೆಗೆ ಹೊರಳಿತು. ಹೈದರಾಬಾದ್ ವಿಶ್ವವಿದ್ಯಾಲಯದ ಮಗ್ಗುಲಿನ 400 ಎಕರೆ ನೆಲಕ್ಕೆ ಬುಲ್ಡೋಜರ್‌ಗಳು ಇಳಿದಿದ್ದವು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟು ಮರ ಕಡಿಯುವುದನ್ನು ತಡೆದಿತ್ತು. "ಬರೀ ಕುರುಚಲು, ಬಂಡೆ. ಅದೆಂಥ ಕಾಡು?" ಎಂದರು ಒಬ್ಬ ಹಿರಿಯರು. "ಅದು ಊರಿನ ಶ್ವಾಸಕೋಶ" ಎಂದರು ಇನ್ನೊಬ್ಬರು. ಇಬ್ಬರೂ ನನ್ನ ಗೌರವಕ್ಕೆ ಪಾತ್ರರು. ಇಬ್ಬರೂ ಅಲ್ಲಿ ಕಾಲಿಟ್ಟವರಲ್ಲ. ಕಾಲಿಟ್ಟಿದ್ದ ನಾನೂ ಏನನ್ನೂ ಎಣಿಸಿ ಬಂದವನಲ್ಲವಾದ್ದರಿಂದ ಸುಮ್ಮನೆ ಕುಳಿತಿದ್ದೆ.

ಇಂಥ ವಾದಗಳು ಎದ್ದಾಗಲೆಲ್ಲ ನನಗೆ ನೆನಪಾಗುವುದು ಉತ್ತರ ಕನ್ನಡದ ಬಿದಿರು. ದಾಂಡೇಲಿಯಲ್ಲಿ 1950ರ ದಶಕದಲ್ಲಿ ಕಾಗದದ ಕಾರ್ಖಾನೆ ತಲೆಯೆತ್ತಿದಾಗ ಬಿದಿರು ಮುಗಿಯುವ ಮಾತೇ ಇಲ್ಲವೆಂಬ ಅಂದಾಜಿತ್ತು. ಎಪ್ಪತ್ತರ ದಶಕದ ಹೊತ್ತಿಗೆ ಮೆಳೆಗಳು ಸೊರಗಿದವು. ಕಾರಣ ಹುಡುಕಿ ಹೋದವರು ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ನರೇಂದ್ರ ಪ್ರಸಾದ್. ಪುಣೆಯಿಂದ ಬೆಂಗಳೂರಿಗೆ ಬಂದ ಗಾಡ್ಗೀಳರು ಒಂದರ್ಥದಲ್ಲಿ ನಮ್ಮ ಹಾಗೆಯೇ ಪರನಾಡಿನಲ್ಲಿ ನೆಲೆಸಿದವರು. ಹಾರ್ವರ್ಡ್‌ನಲ್ಲಿ ಅವರು ಕಲಿತದ್ದು ಗಣಿತದ ಮೂಲಕ ಪರಿಸರವನ್ನು ಅರಿಯುವ ಬಗೆ. ಕೆಲವು ಜೀವಿಗಳು ಒಂದೇ ಸಲ ಸಂತಾನ ಪಡೆದು ಸಾಯುವುದೇಕೆ ಎಂಬ ಪ್ರಶ್ನೆಯನ್ನು ವಿಲಿಯಂ ಬೊಸರ್ಟ್ ಜೊತೆ 1970ರಲ್ಲಿ ಬರೆದ ಪ್ರಬಂಧದಲ್ಲಿ ಅವರು ಲೆಕ್ಕ ಕಟ್ಟಿ ಪರಿಶೀಲಿಸಿದ್ದರು. ಒಮ್ಮೆ ಹೂಬಿಟ್ಟು ಒಣಗಿಹೋಗುವ ಬಿದಿರು ಅಂಥದೇ ಜೀವಿ. ಆದರೆ ಮೆಳೆಯ ಬುಡದ ಮುಳ್ಳಿನ ವಿಚಾರವನ್ನು ಕಾಡಿಗೇ ಹೋಗಿ ಕೇಳಬೇಕಿತ್ತು.

ಬುಡದ ಮುಳ್ಳನ್ನು ಸವರಿದರೆ ಇಕ್ಕಟ್ಟು ಕಳೆದು ಬಿದಿರು ಹುಲುಸಾಗುತ್ತದೆಂಬುದು ಅರಣ್ಯಾಧಿಕಾರಿಗಳ ನಂಬಿಕೆ. ಸವರಿದರೆ ಎಳೆಯ ಕಳಲೆ ದನಗಳ ಬಾಯಿಗೆ ಬೀಳುತ್ತದೆಂಬುದು ಹಳ್ಳಿಗರ ಮಾತು. (ಕಳಲೆಯ ಪಲ್ಯ ಉಂಡು ಬೆಳೆದ ನಮ್ಮ ಮಲೆನಾಡಿನ ಓದುಗರು ಈಗಾಗಲೇ ತೀರ್ಪು ಕೊಟ್ಟಿರಬೇಕು.) ಸಂಶೋಧಕರು ಆತುರಪಡಲಿಲ್ಲ. ಮುಳ್ಳು ತೆಗೆದ ಮೆಳೆ, ತೆಗೆಯದ ಮೆಳೆ ಎರಡನ್ನೂ ವರ್ಷಗಟ್ಟಲೆ ಹೋಲಿಸಿ ನೋಡಿದರು. ನಿಜವಾದದ್ದು ಹಳ್ಳಿಗರ ಮಾತೇ. ಹಾಗೆಂದು ಅವರ ಮಾತನ್ನು ಹಳ್ಳಿಗರದೆಂಬ ಕಾರಣಕ್ಕೆ ಮೊದಲೇ ಒಪ್ಪಿರಲಿಲ್ಲ, ಇಲಾಖೆಯ ಮಾತನ್ನು ಇಲಾಖೆಯದೆಂಬ ಕಾರಣಕ್ಕೂ ಒಪ್ಪಿರಲಿಲ್ಲ. ನಮ್ಮ ಸಭೆಗಳಲ್ಲಿ ನನಗೆ ಕಾಣದಿರುವುದು ಈ ಗುಣವೇ.

ತೆಲಂಗಾಣದ ಕಂಚವೆಂದರೆ ಹೆಚ್ಚುಕಡಿಮೆ ನಮ್ಮ ಕಾವಲು, ದನ ಮೇಯಲು ಬಿಟ್ಟ ನೆಲ. ಸುತ್ತ ಕಟ್ಟಡಗಳೆದ್ದಾಗ ಅದು ಕಡಲ ನಡುವಿನ ದ್ವೀಪದಂತಾಗುತ್ತದೆ. ದ್ವೀಪ ಚಿಕ್ಕದಾದಷ್ಟೂ ಒಂಟಿಯಾದಷ್ಟೂ ಅಲ್ಲಿ ಉಳಿಯುವ ಜೀವಜಾತಿಗಳು ಕಡಿಮೆ ಎಂಬ ಸಿದ್ಧಾಂತವನ್ನು ಮೆಕಾರ್ಥರ್ ಮತ್ತು ವಿಲ್ಸನ್ 1967ರಲ್ಲೇ ಗ್ರಂಥರೂಪದಲ್ಲಿ ಮಂಡಿಸಿದ್ದರು. ಅದು ಗಚ್ಚಿಬೌಲಿಗೆ ಎಷ್ಟು ಹೊಂದುತ್ತದೆಂದು ತಿಳಿಯಲು ಕಡಿದ ಭಾಗವನ್ನೂ ಉಳಿದ ಭಾಗವನ್ನೂ ಹೋಲಿಸಬೇಕು. ಹೋಲಿಕೆಗೆ ಬುಲ್ಡೋಜರ್ ಬರುವ ಮುಂಚಿನ ವರ್ಷಗಳ ದಾಖಲೆ ಬೇಕು. ಹಕ್ಕಿ ನೋಡುವ ಹವ್ಯಾಸಿಗಳನ್ನು ಕೆಲಸವಿಲ್ಲದವರೆಂದು ನಕ್ಕವರಲ್ಲಿ ನಾನೂ ಒಬ್ಬ. ಅಂಥ ದಾಖಲೆ ಸಿಗುವುದು ಅವರ ಹಳೆಯ ಪಟ್ಟಿಗಳಲ್ಲೇ.

ಲೆಕ್ಕವಿಡುವವರ ಋಣ ಈ ಊರಿನ ಮೇಲೆ ಹಳೆಯದು. 1908ರ ಸೆಪ್ಟೆಂಬರ್ 28ರ ಮೂಸಿ ಪ್ರವಾಹದ ನಂತರ ನಿಜಾಮರ ಸರ್ಕಾರದ ಕರೆಗೆ ಬಂದ ವಿಶ್ವೇಶ್ವರಯ್ಯನವರು ಜಲಾನಯನದಲ್ಲಿ ಸುರಿದ ಮಳೆಯನ್ನೂ ಒಡೆದ ಕೆರೆಗಳನ್ನೂ ಲೆಕ್ಕಕ್ಕೆ ತಂದರು. ಉಸ್ಮಾನ್ ಸಾಗರ (1920), ಹಿಮಾಯತ್ ಸಾಗರ (1927) ಅದರ ಫಲ. ಅವುಗಳ ಜಲಾನಯನವನ್ನು ಕಾಯಲೆಂದು 1996ರಲ್ಲಿ ಹೊರಟ 111ನೇ ಸರ್ಕಾರಿ ಆದೇಶದ ನಿರ್ಬಂಧಗಳನ್ನು 2022ರಲ್ಲಿ ಕೈಬಿಡಲು ಸರ್ಕಾರ ಹೊರಟಾಗ, ವಿಶ್ವೇಶ್ವರಯ್ಯನವರ ಚಿತ್ರಕ್ಕೆ ವರ್ಷವರ್ಷವೂ ಹಾರ ಹಾಕುವ ನಾವು ಒಂದು ಠರಾವನ್ನೂ ಮಾಡಲಿಲ್ಲ. ಮಾಡಿದ್ದರೂ ಅದರಲ್ಲಿ ಬರೆಯಲು ನಾವೇ ಅಳೆದ ಒಂದು ಅಂಕಿ ನಮ್ಮ ಬಳಿ ಇರಲಿಲ್ಲ.

ಮುಂದಿನ ಸಂಚಿಕೆಯಿಂದ ಕೊನೆಯ ಪುಟವನ್ನು ಓದುಗರ ಎಣಿಕೆಗೆ ಬಿಡುತ್ತಿದ್ದೇನೆ. ಮನೆಯ ಹತ್ತಿರದ ಒಂದೇ ಕೆರೆ, ವಾರಕ್ಕೊಮ್ಮೆ, ಒಂದೇ ಹೊತ್ತು, ಅರ್ಧ ಗಂಟೆ. ನೀರು ಯಾವ ಮೆಟ್ಟಿಲವರೆಗೆ ಬಂದಿದೆ, ಯಾವ ಹಕ್ಕಿ ಎಷ್ಟು ಕಂಡವು, ಇಷ್ಟನ್ನೇ ಬರೆಯಿರಿ. ಹೆಸರು ತಿಳಿಯದಿದ್ದರೆ ಬಣ್ಣ ಬರೆದರೂ ಸಾಕು. ಏನೂ ಕಾಣದ ದಿನ 'ಏನೂ ಇಲ್ಲ' ಎಂದು ತಾರೀಖಿನೊಡನೆ ಬರೆದು ಕಳಿಸಿ. ಆ ಸಾಲನ್ನೂ ಅಚ್ಚು ಮಾಡುತ್ತೇವೆ.