ಸರಕಾರದ ದಫ್ತರವೂ ಪ್ರಜೆಯ ಗುಟ್ಟೂ

ನವಲಗುಂದ, ಅಣ್ಣಿಗೇರಿ, ಕುಂದಗೋಳ ಸೀಮೆಯ ರೈತನ ಹೊಲದ ಲೆಕ್ಕವೆಲ್ಲ ಒಂದು ಕಾಲಕ್ಕೆ ತಲಾಟಿಯ ದಫ್ತರದಲ್ಲಿದ್ದಿತು. ಉತಾರ ಬೇಕಾದವರು ಅವನ ದಾರಿ ಕಾಯಬೇಕಾಗಿದ್ದಿತು. ೨೦೦೦ನೆಯ ಇಸವಿಯ ಸುಮಾರಿಗೆ ‘ಭೂಮಿ’ ಯೋಜನೆ ಬಂದು, ರಾಜ್ಯದ ಸುಮಾರು ಎರಡು ಕೋಟಿ ಉತಾರಗಳು ಗಣಕಯಂತ್ರವನ್ನು ಸೇರಿದವು. ಇದು ಸಣ್ಣ ಉಪಕಾರವಲ್ಲ.

ಈಗ ‘ಫ್ರೂಟ್ಸ್’ ಎಂಬ ನೋಂದಣಿಯಲ್ಲಿ ರೈತನ ಜಮೀನು, ಆಧಾರ್, ಬ್ಯಾಂಕಿನ ಖಾತೆ, ಪರಿಶಿಷ್ಟರಾದರೆ ಜಾತಿಯ ವಿವರ ಇವೆಲ್ಲ ಒಂದೇ ಸಂಖ್ಯೆಯಡಿ ಕೂಡುತ್ತವೆ. ಬೆಳೆಹಾನಿಯ ಪರಿಹಾರಕ್ಕೂ ಬೆಂಬಲ ಬೆಲೆಗೆ ಕಡಲೆ ಮಾರುವುದಕ್ಕೂ ಅದೇ ಸಂಖ್ಯೆ ಬೇಕು. ಇಲಾಖೆಗಳು ಹೀಗೆ ಕೂಡಿ ಕೆಲಸ ಮಾಡುವುದು ಒಳ್ಳೆಯದೇ. ಒಂದೇ ಕಾಗದವನ್ನು ಹತ್ತು ಕಚೇರಿಗೆ ಹೊತ್ತು ತಿರುಗಿದ ತಂದೆಯರ ಮಕ್ಕಳಾದ ನಮಗೆ ಅದನ್ನು ಬೇರೆ ಹೇಳಬೇಕಾಗಿಲ್ಲ.

ಆದರೆ ಒಂದು ಮಾತು. ಉತಾರದ ಹನ್ನೊಂದನೆಯ ಕಾಲಮ್ಮಿನಲ್ಲಿ ಹೊಲದ ಮೇಲಿನ ಸಾಲವೂ ಇರುತ್ತದೆ. ಸರ್ವೆ ನಂಬರು ಬಲ್ಲವರು ಅದನ್ನು ನೋಡಬಲ್ಲರು. ಹೊಲ ಕೊಳ್ಳುವವನಿಗೆ ಅದು ತಿಳಿಯಬೇಕಾದುದು ನ್ಯಾಯ. ಅದರ ಜೊತೆಗೆ ಖಾತೆ, ಜಾತಿ, ಕುಟುಂಬದ ವಿವರಗಳೂ ಕಂಡಕಂಡವರ ಕೈಸೇರಿದರೆ ಬಡವನಿಗೆ ಮರೆಯೇ ಉಳಿಯದು.

ಪ್ರಜೆಗೆ ಇಂಥ ಮರೆಯ ಹಕ್ಕುಂಟೆ? ಉಂಟು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಕುರಿತು ೨೦೧೨ರಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ, ೨೦೧೭ರ ಆಗಸ್ಟ್ ೨೪ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತರು. ಸರಕಾರವು ಅದರಲ್ಲಿ ಕೈಯಿಡಬೇಕಾದರೆ ಕಾನೂನಿನ ಆಧಾರ, ನ್ಯಾಯವಾದ ಉದ್ದೇಶ, ಅಗತ್ಯಕ್ಕೆ ತಕ್ಕ ಮಿತಿ ಈ ಮೂರೂ ಬೇಕು. ಮುಂದೆ ೨೦೨೩ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯ್ದೆಯೂ ಆಯಿತು. ಆದರೆ ಸಹಾಯಧನ, ಸೌಲಭ್ಯಗಳ ವಿಷಯದಲ್ಲಿ ತನ್ನ ಬಳಿ ಇರುವ ವಿವರಗಳನ್ನು ಬಳಸಲು ಸರಕಾರವು ಬಹುಮಟ್ಟಿಗೆ ಹೊಸದಾಗಿ ಸಮ್ಮತಿ ಕೇಳಬೇಕಾಗಿಲ್ಲ.

ಸಮ್ಮತಿ ಕೇಳದಿದ್ದರೆ ಲೆಕ್ಕವನ್ನಾದರೂ ಒಪ್ಪಿಸಲಿ. ಯುರೋಪಿನ ಎಸ್ಟೋನಿಯಾ ಎಂಬ ಪುಟ್ಟ ದೇಶದಲ್ಲಿ, ತನ್ನ ವಿವರಗಳನ್ನು ಯಾವ ಕಚೇರಿ ಎಂದು ನೋಡಿತೆಂಬುದನ್ನು ಪ್ರಜೆಯೇ ನೋಡಿಕೊಳ್ಳುವ ಏರ್ಪಾಡುಂಟು. ಉತಾರ ಕೊಡುವ ನಮ್ಮ ನಾಡಕಚೇರಿಯಲ್ಲಿಯೂ ಅಂಥದೊಂದು ಪಟ್ಟಿ ತಿಳಿಗನ್ನಡದಲ್ಲಿ ಸಿಗುವಂತಾಗಬೇಕು: ನಿನ್ನ ದಾಖಲೆಯನ್ನು ಇಂಥ ಇಲಾಖೆ, ಇಂಥ ದಿನ, ಇಂಥ ಕೆಲಸಕ್ಕೆ ನೋಡಿತು ಎಂದು.

ಸಹಪಾಠಿಗಳೇ, ಮನೆತನದಲ್ಲಿ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲೇರಿದವರು ನಮ್ಮಲ್ಲಿ ಅನೇಕರು. ಹಿರಿಯರು ಯಂತ್ರದ ಮೇಲೆ ಹೆಬ್ಬೆಟ್ಟಿಡುವ ಮುನ್ನ, ಅದು ಯಾವ ಕೆಲಸಕ್ಕೆಂದು ಕೇಳುವ ಧೈರ್ಯವನ್ನಾದರೂ ನಮ್ಮ ಓದು ನಮಗೆ ಕೊಡಬೇಡವೆ?